ದತ್ತಿ ಕೊಟ್ಟವರು, ದತ್ತಿ ಉಳಿಸಿದವರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಗೆ ಜಾಗ ಸಿಕ್ಕ ಬಗೆ, ಮೊದಲ ಎರಡು ವರ್ಷ ದೇವಸ್ಥಾನದ ಪೌಳಿಯಲ್ಲಿ ತರಗತಿಗಳು ನಡೆದದ್ದು, ಮೊದಲ ಎಸ್‌ಎಸ್‌ಎಲ್‌ಸಿ ತಂಡದ ಫಲಿತಾಂಶ, ಇವನ್ನೆಲ್ಲ ನನಗಿಂತ ಹಿರಿಯರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಇಲ್ಲೇ ಓದಿ, ಬೇರೆ ಬೇರೆ ಊರುಗಳಲ್ಲಿ ಪಾಠ ಮಾಡಿ, ಕೊನೆಯ ಹನ್ನೊಂದು ವರ್ಷ ಇಲ್ಲಿಗೇ ಬಂದು ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಆದ್ದರಿಂದ ಎಲ್ಲರ ಕಣ್ಣಿಗೂ ಬೀಳುವ, ಆದರೆ ಯಾರೂ ನಿಂತು ಓದದ ಒಂದು ವಸ್ತುವಿನ ಬಗ್ಗೆ ಬರೆಯುತ್ತೇನೆ. ಅದು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲಿರುವ ದತ್ತಿ ಬಹುಮಾನಗಳ ಫಲಕ.

ಹಸಿರು ಬಣ್ಣ ಬಳಿದ ಆ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಹದಿನಾಲ್ಕು ಹೆಸರುಗಳಿವೆ. ತಂದೆಯ ಹೆಸರಿನಲ್ಲಿ ಮಕ್ಕಳು ಇಟ್ಟದ್ದು, ತೀರಿಕೊಂಡ ಮಗನ ಹೆಸರಿನಲ್ಲಿ ತಂದೆ ಇಟ್ಟದ್ದು, ವರ್ಗವಾಗಿ ಹೋಗುವಾಗ ಒಬ್ಬ ಮೇಷ್ಟ್ರು ಇಟ್ಟದ್ದು. ಎದುರಿಗೆ ಮೊತ್ತ ಬರೆದಿದೆ: 501, 1,000, 1,116. ನಾನು ಇಲ್ಲಿಗೆ ಶಿಕ್ಷಕನಾಗಿ ಬಂದ 2013ರಲ್ಲಿ ಆ ಹದಿನಾಲ್ಕರಲ್ಲಿ ನಿಜವಾಗಿ ಬಡ್ಡಿ ಬರುತ್ತಿದ್ದದ್ದು ಐದಕ್ಕೆ. ಉಳಿದ ಒಂಬತ್ತು ಹಲಗೆಯ ಮೇಲೆ ಮಾತ್ರ ಇದ್ದವು.

ಆ ಒಂಬತ್ತರಲ್ಲಿ ಒಂದರ ಬಹುಮಾನ ಪಡೆದವನು ನಾನು. ನಮ್ಮೂರ ಕೊಬ್ಬರಿ ಮಂಡಿಯ ಯಜಮಾನರೊಬ್ಬರು 1979ರಲ್ಲಿ ತಮ್ಮ ತಾಯಿಯ ಹೆಸರಿನಲ್ಲಿ ಸಾವಿರ ರೂಪಾಯಿ ಠೇವಣಿ ಇಟ್ಟು, ಸಮಾಜ ಪಾಠದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಡ್ಡಿ ಹಣ ಕೊಡಬೇಕೆಂದು ಬರೆದುಕೊಟ್ಟಿದ್ದರು. 1981ರಲ್ಲಿ ನನಗೆ ನೂರು ರೂಪಾಯಿ ಬಂತು. ಅಷ್ಟೂ ಹತ್ತು ರೂಪಾಯಿ ನೋಟುಗಳು. ಪಿಯುಸಿಗೆ ಸೇರುವ ಶುಲ್ಕ ಕಟ್ಟಿ, ಒಂದು ಜೊತೆ ಹವಾಯಿ ಚಪ್ಪಲಿ ಕೊಂಡು, ಉಳಿದದ್ದನ್ನು ಅವ್ವನ ಕೈಗೆ ಕೊಟ್ಟಿದ್ದೆ. ಆ ಹಣ ಬರದಿದ್ದರೆ ಕಾಲೇಜಿಗೆ ಹೋಗುತ್ತಿರಲಿಲ್ಲ ಎಂದು ದೊಡ್ಡ ಮಾತು ಹೇಳುವುದಿಲ್ಲ. ಸಾಲ ಮಾಡಿಯಾದರೂ ಅಪ್ಪ ಕಳಿಸುತ್ತಿದ್ದರು. ಆದರೆ ಸಾಲವಿಲ್ಲದೆ ಹೋದೆ.

ನಾನು ಶಿಕ್ಷಕನಾಗಿ ಬರುವ ವೇಳೆಗೆ ಆ ಬಹುಮಾನವೆಂದರೆ ಒಂದು ಸ್ಟೀಲ್ ಡಬ್ಬಿ. ಅದನ್ನೂ ಮುಖ್ಯೋಪಾಧ್ಯಾಯರು ಕೈಯಿಂದ ಹಣ ಹಾಕಿ ತರಿಸುತ್ತಿದ್ದರು. ಠೇವಣಿ ರಸೀದಿಯ ಅವಧಿ 2004ರಲ್ಲೇ ಮುಗಿದಿತ್ತು, ಯಾರೂ ನವೀಕರಿಸಿರಲಿಲ್ಲ. ರಸೀದಿ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಬಹುಮಾನ ವಿತರಣೆಯ ಹೊಣೆ ನನ್ನದಾಗಿತ್ತು. ಹಳಬರ ಕಾಲದ ವ್ಯವಹಾರ, ನಾನೇಕೆ ಕೆದಕಲಿ ಎಂದು ಸುಮ್ಮನಿದ್ದೆ. ಒಂದು ವರ್ಷವಲ್ಲ, ನಾಲ್ಕು ವರ್ಷ.

2018ರ ವಾರ್ಷಿಕೋತ್ಸವಕ್ಕೆ ಆ ಯಜಮಾನರ ಮಗಳು ಬಂದಿದ್ದರು. ದಾವಣಗೆರೆಗೆ ಕೊಟ್ಟ ಹೆಣ್ಣುಮಗಳು, ಊರಿಗೆ ಹಬ್ಬಕ್ಕೆ ಬಂದವರು ಶಾಲೆಯ ಕಡೆಗೂ ಬಂದರು. ತಮ್ಮ ಅಜ್ಜಿಯ ಹೆಸರು ಕೂಗಿ ಹುಡುಗಿಯೊಬ್ಬಳಿಗೆ ಡಬ್ಬಿ ಕೊಟ್ಟದ್ದನ್ನು ನೋಡಿ ಕಣ್ಣು ಒರೆಸಿಕೊಂಡರು. ಆಮೇಲೆ ಸಿಬ್ಬಂದಿ ಕೊಠಡಿಯಲ್ಲಿ ಕಾಫಿ ಕುಡಿಯುತ್ತ, "ನಮ್ಮಜ್ಜಿ ಹೆಸರಿನ ದುಡ್ಡು ಈಗ ಎಷ್ಟಾಗಿದೆ ಮೇಷ್ಟ್ರೇ?" ಎಂದು ಕೇಳಿದರು. ತಕರಾರಿನ ಧ್ವನಿಯಲ್ಲ, ಮನೆಯ ಹಸು ಎಷ್ಟು ಹಾಲು ಕೊಡುತ್ತಿದೆ ಎಂದು ಕೇಳಿದ ಹಾಗೆ. ನನ್ನ ಬಳಿ ಉತ್ತರವಿರಲಿಲ್ಲ.

ದಾನ ಕೊಡುವ ಕುಟುಂಬಗಳು ಕೊಟ್ಟದ್ದನ್ನು ತಲೆಮಾರುಗಟ್ಟಲೆ ಹೇಗೆ ಉಳಿಸುತ್ತವೆ ಎಂಬುದನ್ನು ನಾನು ಓದತೊಡಗಿದ್ದು ಆ ದಿನದ ನಾಚಿಕೆಯಿಂದ.

ಇತಿಹಾಸದ ಮೇಷ್ಟ್ರಾದ್ದರಿಂದ ಮೊದಲು ಹೋದದ್ದು ಶಾಸನಗಳ ಹತ್ತಿರ. ನಮ್ಮ ನಾಡಿನ ಹಳ್ಳಿಹಳ್ಳಿಯ ಗುಡಿಯ ಮುಂದೆ ದಾನಶಾಸನಗಳಿವೆ. ಮೇಲೆ ಸೂರ್ಯ ಚಂದ್ರ, ಅವರಿರುವವರೆಗೂ ದಾನ ನಡೆಯಲಿ ಎಂದು. ಕೆಳಗೆ ದಾನದ ವಿವರ: ಇಷ್ಟು ಗದ್ದೆ, ಇಷ್ಟು ಬೆದ್ದಲು, ಎಲ್ಲೆ ಕಲ್ಲುಗಳು ಎಲ್ಲೆಲ್ಲಿ. ಕೆಲವೆಡೆ ಭೂಮಿಯ ಬದಲು ಹೊನ್ನನ್ನೇ ಊರ ಮಹಾಜನರ ಕೈಯಲ್ಲಿಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆಗೆ ಎಣ್ಣೆ ಹೊಯ್ಯಬೇಕೆಂದು ಬರೆಸಿರುವುದುಂಟು. ಅಂದರೆ ಮೂಲಧನ ಮುಟ್ಟಬಾರದು, ಬಡ್ಡಿಯಷ್ಟೇ ಖರ್ಚು ಎಂಬ ನಿಯಮ ಬ್ಯಾಂಕುಗಳಿಗಿಂತ ಎಷ್ಟೋ ಹಳೆಯದು. ಕೊನೆಯಲ್ಲಿ ಶಾಪ: ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಯೋಚಿಸಿದರೆ, ಆ ಶಾಪ ಕಳ್ಳರಿಗೆ ಬರೆದದ್ದಲ್ಲ. ಮೊಮ್ಮಕ್ಕಳಿಗೆ, ಮುಂದಿನ ಅರಸರಿಗೆ, ಲೆಕ್ಕ ಇಡುವವರಿಗೆ ಬರೆದದ್ದು. ತಾವು ಹೋದ ಮೇಲೆ ಏನಾಗುತ್ತದೆಂಬ ಭಯ ಕೊಟ್ಟವರಿಗಿತ್ತು. ಕೊಡುವುದಕ್ಕಿಂತ, ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನದು ಎಂಬ ಮಾತೂ ಅವೇ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಶಾಪವೊಂದರಿಂದಲೇ ದಾನ ಉಳಿಯುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಿಲ್ಲ. ಉಳಿದದ್ದು ಹೇಗೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ ನೋಡದ ತುಮಕೂರಿನವರಿಲ್ಲ. ತೋಟದಪ್ಪನವರು ವ್ಯಾಪಾರಸ್ಥರು, ಮಕ್ಕಳಿರಲಿಲ್ಲ. ಗಳಿಸಿದ್ದನ್ನು ಪ್ರಯಾಣಿಕರ ತಂಗುದಾಣಕ್ಕೆ, ವಿದ್ಯಾರ್ಥಿಗಳ ನಿಲಯಕ್ಕೆ ಕೊಟ್ಟರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಆದರೆ ನನ್ನ ಗಮನ ಸೆಳೆದದ್ದು ಕಟ್ಟಡವಲ್ಲ. ಆಡಳಿತವನ್ನು ಅವರು ನೆಂಟರ ಕೈಗೆ ಕೊಡಲಿಲ್ಲ, ಟ್ರಸ್ಟು ಮಾಡಿ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಂಥ ಆಡಳಿತ ಬಲ್ಲ ಹಿರಿಯರ ಕೈಗೆ ಒಪ್ಪಿಸಿದರು. ಉತ್ತರ ಕರ್ನಾಟಕದ ಶಿರಸಂಗಿಯ ಲಿಂಗರಾಜ ದೇಸಾಯಿಯವರದೂ ಇಂಥದೇ ಕಥೆ. 1906ರಲ್ಲಿ ಅವರು ತೀರಿಕೊಂಡಾಗ, ದೇಸಗತಿಯ ಆಸ್ತಿ ವಿದ್ಯಾರ್ಥಿಗಳ ಓದಿಗೆ ಸೇರಬೇಕೆಂದು ಉಯಿಲು ಇತ್ತು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು.

"ಮಕ್ಕಳಿಲ್ಲದವರು ಕೊಟ್ಟದ್ದೇನು ಮಹಾ?" ಎಂದು ಕೇಳುವವರು ನಮ್ಮಲ್ಲಿದ್ದಾರೆ. ಮಕ್ಕಳಿಲ್ಲದವರ ಆಸ್ತಿಗಾಗಿ ಅಣ್ಣತಮ್ಮಂದಿರ ಮಕ್ಕಳು ಇಪ್ಪತ್ತು ವರ್ಷ ಕೋರ್ಟಿಗೆ ಅಲೆದದ್ದನ್ನೂ ನಮ್ಮ ತಾಲ್ಲೂಕಿನಲ್ಲಿ ನೋಡಿದ್ದೇನೆ. ಆದರೂ ಆ ಪ್ರಶ್ನೆಯಲ್ಲಿ ಹುರುಳಿದೆ. ಮಕ್ಕಳಿರುವ ಮನೆಯಲ್ಲಿ, ಅಪ್ಪ ಕೊಡುತ್ತೇನೆಂದು ಆಡಿದ ಮಾತನ್ನು ಮಕ್ಕಳು ನಡೆಸುವರೇ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ಎದುರಾದದ್ದು ಮುಂಬಯಿಯ ಟಾಟಾ ಮನೆತನ. ಆ ಮನೆತನಕ್ಕೂ ನಮ್ಮ ಮೈಸೂರು ಸೀಮೆಗೂ ಇರುವ ನಂಟು ಎಲ್ಲರಿಗೂ ಗೊತ್ತಿರುವುದಕ್ಕಿಂತ ಹೆಚ್ಚಿನದು.

ಜಮ್‌ಸೆಟ್‌ಜಿ ಟಾಟಾ 1892ರಲ್ಲಿ ಒಂದು ನಿಧಿ ಮಾಡಿದರು. ವಿದೇಶಕ್ಕೆ ಹೋಗಿ ಓದುವವರಿಗೆ ಹಣ ಕೊಡುವುದು ಅದರ ಕೆಲಸ. ಆದರೆ ಅದು ದಾನವಲ್ಲ, ಸಾಲ. ಓದಿ ಬಂದು, ದುಡಿದು ತೀರಿಸಬೇಕು, ಆ ಹಣ ಮುಂದಿನವನಿಗೆ ಹೋಗಬೇಕು. ಮೊದಲಿಗೆ ಅದು ಪಾರ್ಸಿಗಳಿಗೆ ಮಾತ್ರ ಇತ್ತು, ಎರಡೇ ವರ್ಷದಲ್ಲಿ ಎಲ್ಲ ಭಾರತೀಯರಿಗೂ ತೆರೆದರು. ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿಗೆ ಹೋಗಿ ಡಾಕ್ಟರೇಟ್ ಮಾಡಿದ್ದು ಈ ನಿಧಿಯ ನೆರವಿನಿಂದ. ರಾಷ್ಟ್ರಪತಿಗಳಾದ ಕೆ.ಆರ್. ನಾರಾಯಣನ್ ಅವರೂ ಇದೇ ನೆರವು ಪಡೆದವರು. ಹಣವನ್ನು ಹೀಗೆ ತಿರುಗಿಸುವ ಉಪಾಯ ನನಗೆ ಬಹಳ ಹಿಡಿಸಿತು. ಪಡೆದವನಿಗೆ ಕೈಚಾಚಿದ ಸಂಕೋಚವಿಲ್ಲ, ನಿಧಿಯೂ ಬರಿದಾಗುವುದಿಲ್ಲ.

ಆಮೇಲಿನದು ಬೆಂಗಳೂರಿನ ಕಥೆ. ಭಾರತದಲ್ಲೇ ಒಂದು ಉನ್ನತ ವಿಜ್ಞಾನ ಸಂಸ್ಥೆ ಆಗಬೇಕೆಂದು 1898ರಲ್ಲಿ ಜಮ್‌ಸೆಟ್‌ಜಿ ಮುಂಬಯಿಯ ತಮ್ಮ ಕಟ್ಟಡ, ನಿವೇಶನಗಳನ್ನು ಕೊಡಲು ಮುಂದಾದರು. ಆಗಿನ ಬೆಲೆಯಲ್ಲಿ ಸುಮಾರು 30 ಲಕ್ಷ ರೂಪಾಯಿಯ ಸ್ವತ್ತು. ವೈಸರಾಯ್ ಕರ್ಜನ್ನರಿಗೆ ಅನುಮಾನ: ಇಷ್ಟು ಓದಿದವರಿಗೆ ಇಲ್ಲಿ ಕೆಲಸ ಎಲ್ಲಿದೆ ಎಂದು. ಸಮಿತಿಗಳು ಬಂದವು, ವರದಿಗಳು ಬಂದವು. ಇದೆಲ್ಲ ಮುಗಿಯುವ ಮೊದಲೇ, 1904ರ ಮೇ ತಿಂಗಳಲ್ಲಿ, ಜಮ್‌ಸೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಪ್ಪನ ಮಾತು ಇನ್ನೂ ಕಾನೂನಿನ ರೂಪಕ್ಕೆ ಬಂದಿರಲಿಲ್ಲ. ಸರ್ಕಾರವೇ ಮೀನಮೇಷ ಎಣಿಸುತ್ತಿತ್ತು. ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆ ಇನ್ನೂ ಕಾಗದದ ಮೇಲಿತ್ತು, ಅದಕ್ಕೆ ಬೇಕಾದ ಹಣ ಅಪಾರ. ಹಿಂದೆಗೆಯಲು ನೆಪಗಳಿಗೆ ಬರವಿರಲಿಲ್ಲ. ಮಕ್ಕಳಾದ ದೊರಾಬ್‌ಜಿ ಮತ್ತು ರತನ್ ಹಿಂದೆಗೆಯಲಿಲ್ಲ. ಅಪ್ಪ ಹೇಳಿದ ಸ್ವತ್ತನ್ನು ಕೊಟ್ಟರು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಭೂಮಿ, ಕಟ್ಟಡಕ್ಕೆ 5 ಲಕ್ಷ, ವರ್ಷಕ್ಕೆ 50,000 ರೂಪಾಯಿ ಕೊಟ್ಟಿತು. ಭಾರತ ಸರ್ಕಾರವೂ ಕೈಜೋಡಿಸಿತು. 1909ರ ಮೇ ತಿಂಗಳಲ್ಲಿ ಆಸ್ತಿ ಸಂಸ್ಥೆಗೆ ಸೇರಿದ ಆದೇಶ ಹೊರಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಜಮ್‌ಸೆಟ್‌ಜಿ ಮೊದಲೇ ಹೇಳಿದ್ದರು. ಹಾಗಾಗಿ ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ನಾನು ಬಿ.ಎಡ್. ಓದುವಾಗ ಬೆಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರುಗಳು ಕೂಗುತ್ತಿದ್ದದ್ದು "ಟಾಟಾ ಇನ್‌ಸ್ಟಿಟ್ಯೂಟ್" ಎಂದೇ. ಬೇಡವೆಂದವರ ಹೆಸರನ್ನು ಜನ ಇಟ್ಟುಕೊಂಡರು. ನಮ್ಮ ಶಾಲೆಯ ಫಲಕದಲ್ಲಿ ಹೆಸರು ಉಳಿದು ಹಣ ಹೋಯಿತು, ಅಲ್ಲಿ ಹೆಸರಿಡದೆ ಹಣ ಉಳಿಯಿತು.

ಆ ಇಬ್ಬರು ಅಣ್ಣತಮ್ಮಂದಿರಿಗೂ ಮಕ್ಕಳಾಗಲಿಲ್ಲ. ಕಿರಿಯರಾದ ರತನ್ ಟಾಟಾ (ಇವರು ಇತ್ತೀಚೆಗೆ 2024ರಲ್ಲಿ ನಿಧನರಾದ ರತನ್ ಟಾಟಾ ಅಲ್ಲ, ಅವರಿಗಿಂತ ಎರಡು ತಲೆಮಾರು ಹಿಂದಿನವರು) ಕೈ ಬಿಚ್ಚಿ ಕೊಟ್ಟವರು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಸತ್ಯಾಗ್ರಹ ನಡೆಸುತ್ತಿದ್ದಾಗ 1909ರಲ್ಲಿ 25,000 ರೂಪಾಯಿ ಕಳಿಸಿದರು, ಮುಂದೆ ಇನ್ನೂ ಕೊಟ್ಟರು. ಎಂಟನೇ ತರಗತಿಯಲ್ಲಿ ಮೌರ್ಯರ ಪಾಟಲೀಪುತ್ರದ ಪಾಠ ಮಾಡುವಾಗ ನಾವು ಹೇಳುವ ಕಂಬಗಳ ಮಹಾಮಂಟಪವಿದೆಯಲ್ಲ, ಪಟ್ನಾದ ಬಳಿ 1913ರಲ್ಲಿ ಅದರ ಉತ್ಖನನ ಶುರುವಾದದ್ದು ಇವರ ಹಣದಿಂದ. ಮೂವತ್ತು ವರ್ಷ ಆ ಪಾಠ ಮಾಡಿದ ನನಗೇ ಇದು ತಡವಾಗಿ ತಿಳಿಯಿತು! ಲಂಡನ್ನಿನಲ್ಲಿ ಬಡತನದ ಕಾರಣಗಳನ್ನು ಅಧ್ಯಯನ ಮಾಡಲೂ ಕೊಟ್ಟರು. ಅಂದರೆ ಹಸಿದವನಿಗೆ ಅನ್ನ ಕೊಡುವುದರ ಜೊತೆಗೆ ಅವನು ಯಾಕೆ ಹಸಿದಿದ್ದಾನೆ ಎಂದು ಕೇಳಲೂ ಹಣ ಬೇಕು ಎಂದು ತಿಳಿದಿದ್ದರು. 1918ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ಉಯಿಲಿನಂತೆ ಸುಮಾರು 80 ಲಕ್ಷ ರೂಪಾಯಿಯ ಟ್ರಸ್ಟು ಆಯಿತು.

ಹಿರಿಯರಾದ ದೊರಾಬ್‌ಜಿಯ ಹೆಂಡತಿ ಮೆಹರ್‌ಬಾಯಿ ಒಂದರ್ಥದಲ್ಲಿ ನಮ್ಮ ಕಡೆಯ ಹೆಣ್ಣುಮಗಳು. ಆಕೆಯ ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಈಗಿನ ಮಾತಿನಲ್ಲಿ ಹೇಳಿದರೆ, ನಮ್ಮ ಶಾಲೆಗಳ ಅತಿ ದೊಡ್ಡ ಸಾಹೇಬರು. ಆ ಮನೆಗೆ ಹೋಗಿ ಬಾ ಎಂದು ಮಗನನ್ನು ಮೈಸೂರಿಗೆ ಕಳಿಸಿದವರು ಜಮ್‌ಸೆಟ್‌ಜಿಯೇ. 1898ರಲ್ಲಿ ಮದುವೆ ಆಯಿತು. ಗಂಡ ಹೆಂಡತಿಗೆ ಒಂದು ವಜ್ರ ಕೊಡಿಸಿದರು, ಜುಬಿಲಿ ವಜ್ರ, 245 ಕ್ಯಾರೆಟ್, ಕೊಹಿನೂರಿನ ಎರಡರಷ್ಟು ದೊಡ್ಡದು. 1924ರ ಸುಮಾರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಸಂಬಳ ಕೊಡಲು ಹಣವಿಲ್ಲದಂಥ ಪರಿಸ್ಥಿತಿ ಬಂದಾಗ ದೊರಾಬ್‌ಜಿ ತಮ್ಮ ಸ್ವಂತ ಆಸ್ತಿಯ ಜೊತೆಗೆ ಹೆಂಡತಿಯ ಒಡವೆಯನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟರು. ಕಾರ್ಖಾನೆ ಉಳಿಯಿತು, ಒಡವೆ ಮರಳಿ ಬಂತು. ನಮ್ಮ ಮನೆಗಳಲ್ಲೂ ಬಿತ್ತನೆಗೆ, ಬೋರ್‌ವೆಲ್ಲಿಗೆ, ಮಕ್ಕಳ ಫೀಸಿಗೆ ಹೆಂಡತಿಯ ಸರ ಬ್ಯಾಂಕಿಗೆ ಹೋಗಿ ಬರುತ್ತದೆ. ಕೆಲವು ಸಲ ಬರುವುದಿಲ್ಲ. ಆದ್ದರಿಂದ ಇದು ನಮಗೆ ಅರ್ಥವಾಗುವ ಕಥೆ.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದೊರಾಬ್‌ಜಿ ಮರುವರ್ಷವೇ ಆ ರೋಗದ ಸಂಶೋಧನೆಗೆ ಹೆಂಡತಿಯ ಹೆಸರಿನಲ್ಲಿ ಒಂದು ಟ್ರಸ್ಟು ಮಾಡಿದರು. ಜೊತೆಗೆ ತಮ್ಮ ಉಳಿದ ಎಲ್ಲವನ್ನೂ, ಸುಮಾರು ಒಂದು ಕೋಟಿ ರೂಪಾಯಿ ಬೆಲೆಯದನ್ನು, ಇನ್ನೊಂದು ಟ್ರಸ್ಟಿಗೆ ಬರೆದರು. ಅದು 1932ರ ಮಾರ್ಚ್. ಜೂನಿನಲ್ಲಿ ಅವರೂ ಹೋದರು. ಆ ವಜ್ರವನ್ನು ಮಾರಿ ಬಂದ ಹಣವೂ ಟ್ರಸ್ಟಿಗೇ ಸೇರಿತು.

ಈ ಟ್ರಸ್ಟು ಪತ್ರಗಳಲ್ಲಿ ಎರಡು ವಿಷಯ ನನ್ನನ್ನು ಹಿಡಿದು ನಿಲ್ಲಿಸಿದವು. ಮೊದಲನೆಯದು, ಅವರು ಕೊಟ್ಟದ್ದು ಬರೀ ನಗದಲ್ಲ, ತಮ್ಮ ಕಂಪನಿಯ ಷೇರು. ಕಂಪನಿ ಬೆಳೆದರೆ ದಾನವೂ ಬೆಳೆಯಬೇಕು. ಇಂದಿಗೂ ಟಾಟಾ ಸನ್ಸ್ ಕಂಪನಿಯ ಸುಮಾರು ಶೇ. 66ರಷ್ಟು ಪಾಲು ಟ್ರಸ್ಟುಗಳ ಕೈಯಲ್ಲಿದೆ. ನಮ್ಮ ಮಂಡಿ ಯಜಮಾನರು ಸಾವಿರ ರೂಪಾಯಿ ಇಟ್ಟಾಗ ಅದು ಸಣ್ಣ ಮೊತ್ತವಲ್ಲ. 1979ರಲ್ಲಿ ಹತ್ತು ಗ್ರಾಂ ಬಂಗಾರದ ಬೆಲೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಬಂಗಾರ ಬೆಳೆಯಿತು, ನಗದು ಇದ್ದಲ್ಲೇ ಇತ್ತು, ಬಡ್ಡಿಯ ದರ ಇಳಿಯುತ್ತ ಬಂತು. ಕೊಟ್ಟವರಲ್ಲಿ ಕೊರತೆ ಇರಲಿಲ್ಲ, ಬಡ್ಡಿಯನ್ನೆಲ್ಲ ಪ್ರತಿ ವರ್ಷ ಹಂಚಿಬಿಡಬೇಕೆಂದು ಬರೆದ ಪತ್ರದಲ್ಲಿ ಕೊರತೆ ಇತ್ತು. ಹಾಗೆಂದು ಭೂಮಿ ಕೊಟ್ಟರೆ ಸಾಕಿತ್ತೇ? ದೇವಸ್ಥಾನಗಳಿಗೆ ಕೊಟ್ಟ ಇನಾಂ ಜಮೀನು 1955ರ ಕಾಯ್ದೆಯ ನಂತರ ಉಳುವವರಿಗೆ ಹೋಯಿತು, ಹೋದದ್ದು ನ್ಯಾಯವೇ. ಯಾವ ಆಸ್ತಿಯೂ ಸೂರ್ಯಚಂದ್ರರಿರುವವರೆಗೆ ಅಲ್ಲ. ಹಾಗಾಗಿ ಕಾಲಕಾಲಕ್ಕೆ ಕಣ್ಣಿಟ್ಟು ನೋಡುವವರು ಬೇಕು.

ಎರಡನೆಯದು ಉದ್ದೇಶ. ದೊರಾಬ್‌ಜಿ ಟ್ರಸ್ಟಿನ ಹಣವನ್ನು ಊರು, ದೇಶ, ಮತ ಎಂದು ನೋಡದೆ ಕೊಡಬಹುದು. ಏನು ಮಾಡಬೇಕೆಂಬುದನ್ನು ಮುಂದಿನ ಧರ್ಮದರ್ಶಿಗಳ ವಿವೇಕಕ್ಕೆ ಬಿಟ್ಟಿದ್ದರು. ಅದರಿಂದ 1936ರಲ್ಲಿ ಸಮಾಜ ಕಾರ್ಯದ ಶಾಲೆ ಹುಟ್ಟಿತು. ಅದರ ಯೋಚನೆ ಮನೆತನದವರದಲ್ಲ, ಮುಂಬಯಿಯ ನಾಗಪಾಡಾದ ಬಡವರ ನಡುವೆ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬ ಅಮೆರಿಕದವರದು. 1941ರಲ್ಲಿ ಕ್ಯಾನ್ಸರ್ ಆಸ್ಪತ್ರೆ ಬಂತು. ನಮ್ಮ ಊರಿನಿಂದಲೂ ಅಲ್ಲಿಗೆ ಹೋಗಿ ಬಂದವರಿದ್ದಾರೆ. ಆಸ್ಪತ್ರೆ ಚೆನ್ನಾಗಿ ನಡೆಯುತ್ತಿದ್ದಾಗಲೇ 1957ರಲ್ಲಿ ಅದನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಕಟ್ಟಿದ್ದನ್ನು ಬಿಟ್ಟುಕೊಡುವುದು ಕೊಡುವುದಕ್ಕಿಂತ ಕಷ್ಟ. ನಮ್ಮಲ್ಲಿ ಶಾಲೆಗೆ ಒಂದು ಕೊಠಡಿ ಕಟ್ಟಿಸಿಕೊಟ್ಟವರು ಅದರ ಬೀಗದ ಕೈ ತಮ್ಮ ಮನೆಯಲ್ಲೇ ಇಟ್ಟುಕೊಂಡದ್ದನ್ನು ನಾನು ಒಂದು ಊರಿನಲ್ಲಿ ಕಂಡಿದ್ದೇನೆ.

ಇನ್ನು 1944ರ ಒಂದು ಪತ್ರ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ಹೋಮಿ ಭಾಭಾ, ಮೂಲ ವಿಜ್ಞಾನದ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು ದೊರಾಬ್‌ಜಿ ಟ್ರಸ್ಟಿನ ಅಧ್ಯಕ್ಷ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಬರೆದರು. ಈ ಹೋಮಿ ಯಾರು? ಮೆಹರ್‌ಬಾಯಿಯ ಅಣ್ಣತಮ್ಮಂದಿರ ಮಗ, ನಮ್ಮ ಆ ವಿದ್ಯಾ ಇಲಾಖೆಯ ಸಾಹೇಬರ ಮೊಮ್ಮಗ. ಸೋದರತ್ತೆಯ ಗಂಡ ಬಿಟ್ಟುಹೋದ ಹಣವನ್ನು ಕೇಳಿದವನು ಸೋದರಳಿಯ! ನೆಂಟಸ್ತಿಕೆ ನೆರವಿಗೆ ಬರಲಿಲ್ಲ ಎಂದು ನಾನು ಹೇಳಲಾರೆ. ಮನೆಯ ಬಾಗಿಲು ತಿಳಿದವನಿಗೆ ತಟ್ಟುವುದು ಸುಲಭ. ಆದರೆ ಟ್ರಸ್ಟು ಒಂಟಿಯಾಗಿ ಹಣ ಕೊಡಲಿಲ್ಲ, ಮುಂಬಯಿ ಸರ್ಕಾರವನ್ನೂ ಪಾಲುದಾರನಾಗಿ ಸೇರಿಸಿಕೊಂಡಿತು. ಹಾಗಾಗಿ ಲೆಕ್ಕ ಕೇಳುವ ಹೊರಗಿನ ಕಣ್ಣು ಮೊದಲ ದಿನದಿಂದಲೇ ಇತ್ತು. 1945ರ ಜೂನಿನಲ್ಲಿ ಆ ಸಂಸ್ಥೆ ಬೆಂಗಳೂರಿನಲ್ಲೇ ಶುರುವಾಗಿ, ಅದೇ ವರ್ಷ ಮುಂಬಯಿಗೆ ಹೋಯಿತು. ಭಾರತದ ಅಣು ವಿಜ್ಞಾನ ಬೆಳೆದದ್ದು ಅಲ್ಲಿಂದ.

ಎಲ್ಲವೂ ಸುಸೂತ್ರ ಎಂದು ತಿಳಿಯಬೇಡಿ. ದಾನವೇ ವ್ಯಾಪಾರದ ಒಡೆತನ ಹೊಂದಿದರೆ ವ್ಯಾಪಾರದ ಜಗಳ ದಾನದ ಬಾಗಿಲಿಗೂ ಬರುತ್ತದೆ. 2016ರಲ್ಲಿ ಟಾಟಾ ಸನ್ಸ್ ಅಧ್ಯಕ್ಷರನ್ನು ತೆಗೆದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರಲ್ಲಿ ತೀರ್ಪು ಬಂದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನೂರು ವರ್ಷ ದಾಟಿದ ಮನೆತನಕ್ಕೂ ಭಿನ್ನಾಭಿಪ್ರಾಯ ತಪ್ಪಿದ್ದಲ್ಲ. ಆದರೆ ಆ ಜಗಳದ ನಡುವೆಯೂ ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲ, ಅದು ಎಂದೋ ಮನೆತನದ ಕೈಬಿಟ್ಟಿತ್ತು.

ಮತ್ತೆ ನಮ್ಮೂರಿಗೆ ಬರೋಣ. ಆ ತಾಯಿ ಪ್ರಶ್ನೆ ಕೇಳಿ ಹೋದ ಮೇಲೆ ನಾನು ಮತ್ತು ಗುಮಾಸ್ತರು ಎರಡು ಭಾನುವಾರ ಕೂತು ಹಳೆಯ ಬೀರು ಖಾಲಿ ಮಾಡಿದೆವು. ರಸೀದಿ ಸಿಕ್ಕಿದ್ದು ಹಾಜರಿ ಪುಸ್ತಕಗಳ ಕಟ್ಟಿನಲ್ಲಿ, ಇಲಿ ಒಂದು ಮೂಲೆ ತಿಂದಿತ್ತು. ಬ್ಯಾಂಕಿನವರು ಹೇಳಿದರು: ಹತ್ತು ವರ್ಷ ಯಾರೂ ಕೇಳದ ಹಣವನ್ನು 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುವ ನಿಯಮವಿದೆ. ಹೋದದ್ದು ಮುಳುಗಿತೆಂದಲ್ಲ, ದಾಖಲೆ ಕೊಟ್ಟರೆ ಮರಳಿ ಬರುತ್ತದೆ. ಈ ಸಂಚಿಕೆ ಓದುವ ಬೇರೆ ಶಾಲೆಗಳ ಶಿಕ್ಷಕರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ, ನಿಮ್ಮ ಬೀರುಗಳನ್ನೂ ಒಮ್ಮೆ ತೆಗೆದು ನೋಡಿ. ಮುಖ್ಯೋಪಾಧ್ಯಾಯರ ಸಹಿ, ಮೊಹರು, ಶಾಲಾಭಿವೃದ್ಧಿ ಸಮಿತಿಯ ಠರಾವು, ನಾಲ್ಕೈದು ಓಡಾಟ ಆದ ಮೇಲೆ ಸಾವಿರದ ಐನೂರರ ಆಸುಪಾಸು ಬಂತು.

ದಾವಣಗೆರೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನಾಲ್ಕು ವರ್ಷ ಸುಮ್ಮನಿದ್ದದ್ದನ್ನೂ ಸೇರಿಸಿ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವೂ ಕೇಳಲಿಲ್ಲವಲ್ಲ ಮೇಷ್ಟ್ರೇ. ಅಪ್ಪ ಹೋದ ಮೇಲೆ ಮಂಡಿ ಯಾರಿಗೆ, ತೋಟ ಯಾರಿಗೆ ಅಂತ ಹಿಸ್ಸೆ ಮಾಡ್ಕೊಂಡ್ವಿ. ಅಜ್ಜಿ ದತ್ತಿ ಯಾರಿಗೆ ಅಂತ ಯಾರೂ ಕೇಳಲಿಲ್ಲ" ಎಂದರು. ಪಾಲುಪಟ್ಟಿಯಲ್ಲಿ ಹಸು, ಕೊಟ್ಟಿಗೆ, ತಾಮ್ರದ ಹಂಡೆಯವರೆಗೆ ಎಲ್ಲವೂ ಇತ್ತಂತೆ.

ಈಗ ಆ ಮನೆಯವರು ಎಲ್ಲ ಸೇರಿ ಮೂಲಧನವನ್ನು ಒಂದು ಲಕ್ಷಕ್ಕೆ ಏರಿಸುವ ಮಾತಾಗಿದೆ. ಹೊಸ ಪತ್ರವನ್ನು ನಾನೇ ಬರೆದೆ, ಒಂದೂವರೆ ಪುಟ. ಬಡ್ಡಿಯಲ್ಲಿ ಮೂರರಲ್ಲಿ ಒಂದು ಪಾಲು ಪ್ರತಿ ವರ್ಷ ಮೂಲಕ್ಕೆ ಸೇರಬೇಕು. ಹಣ ನೋಡಿಕೊಳ್ಳುವವರು ಮೂವರು: ಮುಖ್ಯೋಪಾಧ್ಯಾಯರು, ಆ ಮನೆಯವರೊಬ್ಬರು, ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು. ಮನೆಯವರ ಪ್ರತಿನಿಧಿ ಗಂಡುಮಗನೇ ಆಗಬೇಕೆಂದಿಲ್ಲ ಎಂದು ಬರೆದಿದ್ದೇನೆ. ಕೇಳಿದವಳು ಮಗಳಲ್ಲವೇ? ಸಮಾಜ ಪಾಠದ ಅಂಕಕ್ಕೇ ಕೊಡಬೇಕೆಂಬ ಕಟ್ಟಳೆ ತೆಗೆದು, ಆಯಾ ವರ್ಷ ಓದು ಮುಂದುವರಿಸಲು ಹೆಚ್ಚು ಅಗತ್ಯವಿರುವ ಮಗುವಿಗೆ ಎಂದು ಹಾಕಿದ್ದೇವೆ. ಇದನ್ನು ಬರೆಯುವಾಗ ನನ್ನ ವಿಷಯಕ್ಕೆ ನಾನೇ ದ್ರೋಹ ಮಾಡಿದಂತೆನಿಸಿತು, ಆದರೂ ಬರೆದೆ. ಪ್ರತಿ ವಾರ್ಷಿಕೋತ್ಸವದ ದಿನ ಲೆಕ್ಕವನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದಬೇಕು. ಉಳಿದ ಎಂಟು ದತ್ತಿಗಳ ಮನೆಯವರಿಗೂ ಪತ್ರ ಹೋಗಿದೆ, ಮೂವರಿಂದ ಉತ್ತರ ಬಂದಿದೆ. ಸುವರ್ಣ ಮಹೋತ್ಸವಕ್ಕೆಂದು ಹೊಸದಾಗಿ ದತ್ತಿ ಇಡಲು ಬರುವ ಹಳೆಯ ವಿದ್ಯಾರ್ಥಿಗಳಿಗೆ ಇದೇ ಪತ್ರದ ಪ್ರತಿ ಕೊಡಲು ಸಮಿತಿಯವರು ಒಪ್ಪಿದ್ದಾರೆ.

ಪತ್ರಕ್ಕೆ ಮಗಳು ಸಹಿ ಹಾಕಿದ್ದಾರೆ, ಹಿರಿಯ ಮಗ ಹಾಕಿದ್ದಾರೆ. ಕಿರಿಯವರು ಇನ್ನೂ ಹಾಕಿಲ್ಲ. ತೋಟದ ಬದುವಿ​ನ ವಿಚಾರದಲ್ಲಿ ಅಣ್ಣನ ಮೇಲೆ ಬೇಸರವಿದೆ, ದತ್ತಿಯ ಮೇಲಲ್ಲ. ಸುವರ್ಣ ಮಹೋತ್ಸವದ ದಿನ ಬರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ. ಅವರೂ ನಮ್ಮ ಶಾಲೆಯವರೇ, ನನಗಿಂತ ಎರಡು ವರ್ಷ ಹಿಂದಿನ ತರಗತಿ. ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಅಂದು ಬೆಳಗ್ಗೆಯೇ ಬಂದು ಗೇಟಿನ ಹತ್ತಿರ ನಿಂತಿರುತ್ತೇನೆ.